ಓದುಗರ ಪ್ರಶ್ನೆಗೆ ಉತ್ತರ: ಎಚ್‌ಐವಿ, ಕಲಬುರಗಿ ಸೀಮೆ ಮತ್ತು ಸಮುದಾಯದ ಕೆಲಸ

ಎಚ್‌ಐವಿ ತಡೆ ಮತ್ತು ಆರೈಕೆಯ ಕೆಲಸವನ್ನು ಸೋಂಕಿನ ಅಪಾಯ ಹೆಚ್ಚಾಗಿರುವ ಸಮುದಾಯಗಳವರೇ ನಡೆಸುತ್ತಿರುವ ಕುರಿತು ಹಿಂದಿನ ಸಂಚಿಕೆಯ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಕಲಬುರಗಿ, ಯಾದಗಿರಿ ಮತ್ತು ಬೀದರ್ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು ಮತ್ತು ಗುರುತು ಸಿಗುವಂತಹ ವಿವರಗಳನ್ನು, ಅವರು ಕೇಳಿಕೊಂಡಿರಲಿ ಬಿಡಲಿ, ತೆಗೆದುಹಾಕಲಾಗಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಬಡಾವಣೆಯ ಸಮೀಪ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು ಸಂಘ ಕಟ್ಟಿಕೊಂಡು, ಸರ್ಕಾರದ ಹಣದಲ್ಲಿ ಕಚೇರಿ ನಡೆಸುತ್ತಿದ್ದಾರೆ ಮತ್ತು ಕಾಂಡೋಮ್ ಹಂಚುತ್ತಿದ್ದಾರೆ. ರೋಗ ತಡೆಯುವುದು ವೈದ್ಯರ ಕೆಲಸವಲ್ಲವೇ? ಇದು ಆ ಕಸುಬಿಗೆ ಸರ್ಕಾರವೇ ಕೊಟ್ಟ ಪ್ರೋತ್ಸಾಹದಂತೆ ಕಾಣುತ್ತದೆ. ಎಲ್ಲ ಜನರಿಗೂ ಸಮಾನವಾಗಿ ತಿಳಿವಳಿಕೆ ಕೊಟ್ಟರೆ ಸಾಲದೇ? (ಕಲಬುರಗಿ ನಗರ)

ಉತ್ತರ: ಮಾಸ್ತರರೇ, ನಿಮ್ಮ ಕೊನೆಯ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದಕ್ಕೆ ಉತ್ತರ ಅಲ್ಲಿಯೇ ಇದೆ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರ ಪ್ರಮಾಣ ಶೇ 0.2ರಷ್ಟು, ಅಂದರೆ ಸಾವಿರಕ್ಕೆ ಇಬ್ಬರು. ಆದರೆ 2021ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ ಈ ಪ್ರಮಾಣ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಶೇ 2ರ ಸಮೀಪ, ಪುರುಷರೊಂದಿಗೆ ಸಂಬಂಧ ಹೊಂದುವ ಪುರುಷರಲ್ಲಿಯೂ ಲಿಂಗತ್ವ ಅಲ್ಪಸಂಖ್ಯಾತರಲ್ಲಿಯೂ ಶೇ 3ಕ್ಕಿಂತ ಹೆಚ್ಚು, ಸೂಜಿಯ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರಲ್ಲಿ ಶೇ 9ರಷ್ಟು ಕಂಡುಬಂದಿತ್ತು. ಸೋಂಕು ಎಲ್ಲರಲ್ಲಿಯೂ ಸಮಾನವಾಗಿ ಹರಡಿಲ್ಲದಿರುವಾಗ ಹಣವನ್ನೂ ಮಾತನ್ನೂ ಎಲ್ಲರಿಗೂ ಸಮಾನವಾಗಿ ಹಂಚುವುದು ನ್ಯಾಯದಂತೆ ಕಂಡರೂ, ಹೆಚ್ಚು ಅಪಾಯದಲ್ಲಿರುವವರಿಗೆ ಅದರಿಂದ ಕಡಿಮೆ ಸಿಗುತ್ತದೆ. ರಾಜ್ಯದ ಎಲ್ಲ ಗೋಡೆಗಳ ಮೇಲೆ ಏಡ್ಸ್ ಕುರಿತು ಘೋಷಣೆ ಬರೆಸಿದ ಕಾಲವೂ ಇತ್ತು. ಅದನ್ನು ಓದಿದವರಲ್ಲಿ ಬಹುಪಾಲು ಜನರಿಗೆ ಅದರ ಅಗತ್ಯವಿರಲಿಲ್ಲ, ಅಗತ್ಯವಿದ್ದವರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ.

ಇನ್ನು ವೈದ್ಯರ ಮಾತು. ವೈದ್ಯರು ಬೇಕೇ ಬೇಕು; ಆದರೆ ದವಾಖಾನೆಗೆ ಬಾರದವರಿಗೆ ವೈದ್ಯರು ಏನನ್ನೂ ಮಾಡಲಾರರು. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳಲ್ಲಿ, ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಆ ಕೆಲಸ ನಡೆಯಿತು. ಅದರ ಬೆನ್ನಿಗೇ ಬಂದದ್ದು ಭಯ, ಭಯದ ಬೆನ್ನಿಗೆ ಬಂದದ್ದು ಬಲವಂತ. ಗೋವಾದಲ್ಲಿ 1989ರಲ್ಲಿ ರಕ್ತದಾನ ಮಾಡಿದ ತಪ್ಪಿಗೆ ಸೋಂಕು ಪತ್ತೆಯಾದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು 64 ದಿನಗಳ ಕಾಲ ಪ್ರತ್ಯೇಕವಾಗಿ ಕೂಡಿಹಾಕಲಾಗಿತ್ತು. ಪರೀಕ್ಷೆ ಎಂದರೆ ಬಂಧನ, ಪರೀಕ್ಷೆ ಎಂದರೆ ಊರೆಲ್ಲ ಹೆಸರು ಎನ್ನುವಂತಾದರೆ ಯಾರೂ ಪರೀಕ್ಷೆಗೆ ಮುಂದೆ ಬರುವುದಿಲ್ಲ. ರೋಗ ಅದರಿಂದ ಕಡಿಮೆಯಾಗುವುದಿಲ್ಲ, ಕಣ್ಮರೆಯಾಗುತ್ತದೆ ಅಷ್ಟೇ.

ಬೇರೆಯ ದಾರಿಯನ್ನು ತೋರಿಸಿದ್ದು ಲೈಂಗಿಕ ವೃತ್ತಿಯ ಮಹಿಳೆಯರು ಹೆಚ್ಚಾಗಿರುವ ಕೋಲ್ಕತ್ತದ ಬಡಾವಣೆ ಸೋನಾಗಾಚಿ. ಅಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿಕೊಂಡು ಕೆಲಸ ಆರಂಭಿಸಿದರು. 1995ರ ಹೊತ್ತಿಗೆ ಆ ಮಹಿಳೆಯರೇ ದುರ್ಬಾರ್ ಎಂಬ ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡಿದ್ದರು. ಅವರು ಮೊದಲು ಎತ್ತಿಕೊಂಡದ್ದು ರೋಗದ ಮಾತನ್ನಲ್ಲ, ಪೊಲೀಸರ ಮತ್ತು ಪುಂಡರ ಹೊಡೆತದ ಮಾತನ್ನು ಎಂಬುದು ಗಮನಿಸಬೇಕಾದ ಸಂಗತಿ. ಕರ್ನಾಟಕದಲ್ಲಿ 2003ರ ನಂತರ ಗೇಟ್ಸ್ ಪ್ರತಿಷ್ಠಾನದ ನೆರವಿನ 'ಆವಾಹನ್' ಕಾರ್ಯಕ್ರಮದ ಮೂಲಕ ಇದೇ ಬಗೆಯ ಕೆಲಸ ಹಲವು ಜಿಲ್ಲೆಗಳಿಗೆ ಬಂದಿತು. ಸೋಂಕಿನ ಪ್ರಮಾಣ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ನಡೆದ ಈ ಕಾರ್ಯಕ್ರಮ ಮೊದಲ ಐದು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಹೊಸ ಸೋಂಕುಗಳನ್ನು ತಡೆದಿರಬಹುದು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಈಗ ಈ ಕೆಲಸ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋದ ಕಾರ್ಯಕ್ರಮದ ಭಾಗವಾಗಿ, ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಮೂಲಕ ನಡೆಯುತ್ತಿದೆ. ನೀವು ಕಂಡ ಕಚೇರಿಯೂ ಬಹುಶಃ ಇಂಥದ್ದೇ ಇರಬೇಕು.

ಆ ಕಚೇರಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಕಾಂಡೋಮಿನ ಪೆಟ್ಟಿಗೆಯೊಂದೇ ಕಾಣುತ್ತದೆ. ಸಮುದಾಯದ ಒಳಗಿನಿಂದಲೇ ಆಯ್ಕೆಯಾದ, ಎಲ್ಲರೂ 'ಪೀರ್' ಎಂದು ಕರೆಯುವ ಕಾರ್ಯಕರ್ತೆಯೊಬ್ಬಳಿಗೆ ಸುಮಾರು 60 ಜನರ ಹೊಣೆ ಇರುತ್ತದೆ. ಯಾರು ಯಾವ ಹೊತ್ತಿನಲ್ಲಿ ಬಸ್ ನಿಲ್ದಾಣದ ಬಳಿ ಸಿಗುತ್ತಾರೆ, ಯಾರು ಮನೆಯಿಂದ ಹೊರಗೆ ಬರುವುದೇ ಇಲ್ಲ, ಯಾರ ಗಂಡನಿಗೆ ಈ ವಿಷಯ ತಿಳಿದಿಲ್ಲ, ಯಾರಿಗೆ ಸಂತೆಯ ದಿನ ಮಾತ್ರ ಊರಿನಿಂದ ಬರಲು ಸಾಧ್ಯ ಎಂಬುದೆಲ್ಲ ಆಕೆಗೆ ತಿಳಿದಿರುತ್ತದೆ. ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ವೈದ್ಯರಿಂದ ಲೈಂಗಿಕ ರೋಗಗಳ ತಪಾಸಣೆ, ಕ್ಷಯದ ಲಕ್ಷಣಗಳ ವಿಚಾರಣೆ ಇವೆಲ್ಲ ತಪ್ಪದಂತೆ ನೋಡಿಕೊಳ್ಳುವವಳು ಆಕೆ. ಬೆರಳ ತುದಿಯ ರಕ್ತದ ಪ್ರಾಥಮಿಕ ಪರೀಕ್ಷೆಯನ್ನು ಅವರಿರುವ ಸ್ಥಳದಲ್ಲಿಯೇ ಮಾಡಿ, ಸೋಂಕಿನ ಸೂಚನೆ ಕಂಡರೆ ಖಚಿತ ಪರೀಕ್ಷೆಗಾಗಿ ಐಸಿಟಿಸಿಗೆ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಸೋಂಕು ಖಚಿತವಾದರೆ ವೈರಸ್ಸನ್ನು ಹಿಡಿತದಲ್ಲಿಡುವ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಜೊತೆಯಲ್ಲಿ ನಡೆದು ಹೋಗುವವಳೂ ಆಕೆಯೇ. ಈ ಜೊತೆಯಲ್ಲಿ ನಡೆಯುವ ಕೆಲಸಕ್ಕೆ ಯಾವ ಪದವಿಯೂ ಬೇಕಿಲ್ಲ, ಆದರೆ ಅದಿಲ್ಲದೆ ಉಳಿದ ಯಾವುದೂ ಸಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಫಲಿತಾಂಶ ತಿಳಿದ ದಿನವೇ ಚಿಕಿತ್ಸೆಯ ದಾರಿ ಬಿಟ್ಟು ಮರೆಯಾಗುವವರು ಹೆಚ್ಚು. ಆ ದಿನ ಪಕ್ಕದಲ್ಲಿ, 'ನಾನೂ ಎಂಟು ವರ್ಷದಿಂದ ಇದೇ ಮಾತ್ರೆ ನುಂಗುತ್ತಿದ್ದೇನೆ, ನೋಡು ಹೇಗಿದ್ದೇನೆ' ಎಂದು ಹೇಳಬಲ್ಲವಳೊಬ್ಬಳು ಇದ್ದರೆ ಆಕೆಯ ಮಾತು ವೈದ್ಯರ ಮಾತಿಗಿಂತ ಬೇಗ ಒಳಗೆ ಇಳಿಯುತ್ತದೆ.

ಪ್ರೋತ್ಸಾಹದ ಪ್ರಶ್ನೆಗೆ ಬರುವುದಾದರೆ, ಕಾಂಡೋಮ್ ಸಿಗುತ್ತದೆ ಎಂಬ ಕಾರಣಕ್ಕೆ ಯಾರೂ ಈ ವೃತ್ತಿಗೆ ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಸೀಮೆಯಲ್ಲಿ ಬರ, ಸಾಲ, ಗಂಡನ ಸಾವು, ತೊರೆದುಹೋದ ಸಂಸಾರ ಇವೇ ಕಾರಣಗಳು. ಅದರ ಹಿಂದೆ ದೇವದಾಸಿ ಪದ್ಧತಿಯ ನೆರಳೂ ಇದೆ. 1982ರಲ್ಲಿಯೇ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ಮಾಡಿದರೂ, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳಿಗೆ ಭೂಮಿಯಾಗಲಿ ಮದುವೆಯಾಗಲಿ ತಾನಾಗಿಯೇ ಒದಗಿ ಬರಲಿಲ್ಲ. ವೃತ್ತಿ ಬಿಟ್ಟು ಬೇರೆ ದುಡಿಮೆ ಮಾಡಬಯಸುವವರಿಗೆ ಮಹಿಳಾ ಅಭಿವೃದ್ಧಿ ನಿಗಮದ 'ಚೇತನ' ಯೋಜನೆಯೂ, ಎಚ್‌ಐವಿ ಇರುವ ಮಹಿಳೆಯರಿಗೆ 'ಧನಶ್ರೀ' ಯೋಜನೆಯೂ ಇವೆ. ಅರ್ಜಿ ಬರೆಸುವುದಕ್ಕೆ ಅವರು ಬಂದು ಕೂರುವುದು ನಿಮಗೆ ಕಸಿವಿಸಿಯೆನಿಸಿದ ಅದೇ ಕಚೇರಿಯಲ್ಲಿ. ಕಾನೂನಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಸೇರಿಸುತ್ತೇನೆ: ಲೈಂಗಿಕ ಕಾರ್ಯಕರ್ತೆಯರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ಬೈಯುವುದಾಗಲಿ ಹೊಡೆಯುವುದಾಗಲಿ ಕೂಡದು, ಅವರು ಆರೋಗ್ಯಕ್ಕಾಗಿ ಬಳಸುವ ಕಾಂಡೋಮನ್ನು ಅಪರಾಧದ ಪುರಾವೆಯಾಗಿ ಪರಿಗಣಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ 19ರಂದು ನಿರ್ದೇಶನ ನೀಡಿದೆ.

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಲಾರೆ. ಕೆಲವು ಕಡೆ ಸಂಘದ ಫಲಕದಲ್ಲಿ ಸಮುದಾಯದ ಹೆಸರಿರುತ್ತದೆ, ಚೆಕ್ಕಿಗೆ ಸಹಿ ಹಾಕುವವರು ಮಾತ್ರ ಬೇರೆಯವರಾಗಿರುತ್ತಾರೆ. ಹಂಚಿದ ಕಾಂಡೋಮಿನ ಲೆಕ್ಕವನ್ನು ಕೇಳುವಷ್ಟು ಗಟ್ಟಿಯಾಗಿ, ಚಿಕಿತ್ಸೆ ಬಿಟ್ಟು ಮರೆಯಾದವರಲ್ಲಿ ಎಷ್ಟು ಜನರನ್ನು ಮರಳಿ ಕರೆತಂದಿರಿ ಎಂದು ಕೇಳುವವರು ಕಡಿಮೆ. ಪೀರ್‌ಗಳ ಗೌರವಧನ ಅವರು ತಿರುಗುವ ತಿರುಗಾಟಕ್ಕೆ ಹೋಲಿಸಿದರೆ ತೀರ ಅಲ್ಪ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಮೊಬೈಲಿನದು. ಹಿಂದೆ ನಿಲ್ದಾಣ, ಲಾಡ್ಜ್, ಮಾರುಕಟ್ಟೆಯ ಮೂಲೆ ಎಂದು ನಕ್ಷೆಯಲ್ಲಿ ಗುರುತು ಮಾಡಬಹುದಾಗಿದ್ದ ಜಾಗಗಳು ಈಗ ಫೋನಿನೊಳಗೆ ಹೋಗಿವೆ, ಮತ್ತು ಹೊಸದಾಗಿ ಬಂದ ಕಿರಿಯ ವಯಸ್ಸಿನವರನ್ನು ಹಳೆಯ ನಕ್ಷೆ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಅವರ ನಂಬರ್ ಯಾರ ಫೋನಿನಲ್ಲಿದೆಯೋ ಅಂಥವರು ಮಾತ್ರ ಅವರನ್ನು ತಲುಪಬಲ್ಲರು, ಅಂಥವರು ಸಮುದಾಯದೊಳಗೇ ಇರುತ್ತಾರೆ. ಅಪಾಯ ಹೆಚ್ಚಿರುವ ಸಮುದಾಯಗಳಿಗೆ ನೀಡುವ ತಡೆ ಸೇವೆಗಳಲ್ಲಿ ಶೇ 80ರಷ್ಟನ್ನು ಸಮುದಾಯದ ಸಂಘಟನೆಗಳೇ ಒದಗಿಸುವಂತಾಗಬೇಕು ಎಂಬ ಗುರಿಯನ್ನು 2021ರಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡದ್ದು ಕನಿಕರದಿಂದಲ್ಲ, ಈ ಲೆಕ್ಕಾಚಾರದಿಂದ.

ಪ್ರಶ್ನೆ: ನಮ್ಮದು ತಾಂಡಾ. ನನ್ನ ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾರೆ. ಈ ಸಲ ಬಂದಾಗ ಬಹಳ ಸೊರಗಿದ್ದರು, ಕೆಮ್ಮು ಒಂದು ತಿಂಗಳಿಂದ ನಿಂತಿಲ್ಲ. ನಾನು ಈಗ ಮೂರು ತಿಂಗಳ ಬಸುರಿ. ಆಶಾ ಕಾರ್ಯಕರ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಅತ್ತೆಯವರು, ಆ ಪರೀಕ್ಷೆಗೆ ಹೋದರೆ ಜನ ನಿನ್ನ ನಡತೆಯ ಮೇಲೆಯೇ ಮಾತಾಡುತ್ತಾರೆ ಎನ್ನುತ್ತಾರೆ. ಏನು ಮಾಡಲಿ? (ಯಾದಗಿರಿ ಜಿಲ್ಲೆ)

ಉತ್ತರ: ತಂಗೀ, ಪರೀಕ್ಷೆ ಮಾಡಿಸಿಕೊಳ್ಳಿ, ತಡ ಮಾಡಬೇಡಿ. ಅತ್ತೆಯವರಿಗೆ ಹೇಳಲು ನಿಮ್ಮ ಬಳಿ ನಿಜವಾದ ಉತ್ತರವೊಂದು ಸಿದ್ಧವಾಗಿಯೇ ಇದೆ: ಹೊಟ್ಟೆಯಲ್ಲಿ ಮಗುವಿರುವ ಪ್ರತಿಯೊಬ್ಬ ತಾಯಿಗೂ ಸರ್ಕಾರಿ ದವಾಖಾನೆಯಲ್ಲಿ ರಕ್ತಹೀನತೆಯ ಪರೀಕ್ಷೆಯ ಜೊತೆಯಲ್ಲಿಯೇ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನೂ ಮಾಡಲು ಮುಂದಾಗುತ್ತಾರೆ. ಅದು ನಡತೆಯನ್ನು ಅಳೆಯುವ ಪರೀಕ್ಷೆಯಲ್ಲ, ತಾಯಿ ಕಾರ್ಡಿನಲ್ಲಿ ಬರುವ ಪರೀಕ್ಷೆ. ಪರೀಕ್ಷೆಗೆ ಮೊದಲು ಆಪ್ತಸಮಾಲೋಚಕರು ನಿಮ್ಮ ಒಪ್ಪಿಗೆ ಕೇಳುತ್ತಾರೆ, ಫಲಿತಾಂಶವನ್ನು ನಿಮಗೊಬ್ಬರಿಗೇ ಹೇಳುತ್ತಾರೆ. ಒಂದೇ ಪರೀಕ್ಷೆಯಿಂದ ಸೋಂಕಿದೆ ಎಂದು ತೀರ್ಮಾನಿಸುವುದಿಲ್ಲ; ಮೂರು ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿಯೂ ಕಂಡುಬಂದ ಮೇಲೆಯೇ ಖಚಿತವೆಂದು ಹೇಳುತ್ತಾರೆ.

ನಿಮ್ಮ ಯಜಮಾನರ ವಿಷಯದಲ್ಲಿ ಮೊದಲು ಮಾಡಬೇಕಾದದ್ದು ಕಫದ ಪರೀಕ್ಷೆ. ಎರಡು ವಾರ ಮೀರಿದ ಕೆಮ್ಮು ಮತ್ತು ತೂಕ ಇಳಿಯುವುದು ಕ್ಷಯದ ಲಕ್ಷಣಗಳು. ಕಲ್ಲು, ಸಿಮೆಂಟಿನ ಧೂಳು ಕುಡಿದು, ಹತ್ತು ಜನ ಒಂದೇ ಶೆಡ್ಡಿನಲ್ಲಿ ಮಲಗುವ ಕೆಲಸಗಾರರಿಗೆ ಎಚ್‌ಐವಿ ಇಲ್ಲದೆಯೂ ಕ್ಷಯ ಬರುತ್ತದೆ. ಆದ್ದರಿಂದ ಅವರ ಸೊರಗನ್ನು ನೋಡಿ ನೀವೇ ಏನನ್ನೂ ತೀರ್ಮಾನಿಸಿಬಿಡಬೇಡಿ, ಅವರ ಮೇಲೆ ಆಪಾದನೆಯನ್ನೂ ಹೊರಿಸಬೇಡಿ. ಆದರೆ ಕ್ಷಯವಿದ್ದವರಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುವುದು ಕ್ರಮ, ಹೀಗಾಗಿ ಜಗಳವಿಲ್ಲದೆ ಅವರನ್ನು ಕರೆದೊಯ್ಯಲು ಕೆಮ್ಮೇ ಸಾಕಾದ ಕಾರಣ. ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.

ಒಂದು ವೇಳೆ ನಿಮಗೆ ಸೋಂಕಿರುವುದು ಖಚಿತವಾದರೂ ಮಗುವಿಗೆ ಬರಲೇಬೇಕೆಂದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ತಗಲುವ ಸಂಭವ ನೂರಕ್ಕೆ 15ರಿಂದ 45ರವರೆಗೆ ಇರುತ್ತದೆ. ಬಸುರಿನಲ್ಲಿಯೇ ಎಆರ್‌ಟಿ ಮಾತ್ರೆ ಆರಂಭಿಸಿ ತಪ್ಪದೆ ತೆಗೆದುಕೊಂಡರೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಮೂರನೆಯ ತಿಂಗಳಿನಲ್ಲಿ ತಿಳಿದರೆ ಕೈಯಲ್ಲಿ ಸಾಕಷ್ಟು ಸಮಯವಿರುತ್ತದೆ, ಅದಕ್ಕಾಗಿಯೇ ತಡ ಬೇಡ ಎಂದೆ. ಹೆರಿಗೆಯನ್ನು ದವಾಖಾನೆಯಲ್ಲಿಯೇ ಮಾಡಿಸಿಕೊಳ್ಳಬೇಕು. ಮಗುವಿಗೆ ಹುಟ್ಟಿದೊಡನೆ ಔಷಧಿ ಆರಂಭಿಸಿ, ಆರು ವಾರಕ್ಕೆ ಮೊದಲ ಪರೀಕ್ಷೆ ಮಾಡುತ್ತಾರೆ, ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ನಿಮಗೆ ಸೋಂಕಿಲ್ಲದೆ ಯಜಮಾನರಿಗೆ ಮಾತ್ರ ಇದ್ದರೆ, ಅವರು ಮಾತ್ರೆ ಆರಂಭಿಸಿ ವೈರಸ್ಸು ಹಿಡಿತಕ್ಕೆ ಬರುವವರೆಗೆ ಕಾಂಡೋಮ್ ಬಳಸಬೇಕು, ಮತ್ತು ಸಮಾಲೋಚಕರು ಹೇಳಿದ ದಿನಕ್ಕೆ ನೀವು ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಅವರು ಮರಳಿ ಪುಣೆಗೆ ಹೋಗಬೇಕಲ್ಲ, ಮಾತ್ರೆ ಎಲ್ಲಿ ಸಿಗುತ್ತದೆ ಎಂಬ ಚಿಂತೆ ಬೇಡ. ಎಆರ್‌ಟಿ ದೇಶದೆಲ್ಲೆಡೆ ಉಚಿತ. ಇಲ್ಲಿಯ ಕೇಂದ್ರದಿಂದ ಅಲ್ಲಿಯ ಕೇಂದ್ರಕ್ಕೆ ವರ್ಗಾವಣೆ ಚೀಟಿ ಬರೆಸಿಕೊಂಡು ಹೋಗಬೇಕಷ್ಟೇ. ಗುಳೆ ಹೋಗುವವರು ಈ ಚೀಟಿಯನ್ನು ಬರೆಸದೆ ಹೋಗಿ, ಅಲ್ಲಿ ನಾಲ್ಕು ತಿಂಗಳು ಮಾತ್ರೆ ಇಲ್ಲದೆ ಕಳೆದು, ತೊಗರಿ ರಾಶಿಯ ಹೊತ್ತಿಗೆ ಮೈ ಇಳಿದು ಮರಳುವುದು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಫಲಿತಾಂಶ ಏನೇ ಬಂದರೂ ನಿಮ್ಮನ್ನು ಮನೆಯಿಂದ ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ ಎಂಬುದು ತಿಳಿದಿರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಟ್ಟಿಗೆ ಬಾಳಿದ ಮನೆಯಲ್ಲಿ ಮುಂದೆಯೂ ವಾಸಿಸುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ.

ಪ್ರಶ್ನೆ: ನಾನು ಲಿಂಗತ್ವ ಅಲ್ಪಸಂಖ್ಯಾತಳು. ನಾಲ್ಕು ವರ್ಷದಿಂದ ಎಆರ್‌ಟಿ ತೆಗೆದುಕೊಳ್ಳುತ್ತಿದ್ದೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗುತ್ತಿರಲಿಲ್ಲ. ಮಾತ್ರೆ ತರಲು ಹೋದಾಗ ಸಿಬ್ಬಂದಿಯೊಬ್ಬರು ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ನನ್ನ ಹಳೆಯ ಗಂಡು ಹೆಸರನ್ನು ಕೂಗಿ ಕರೆದು ನಕ್ಕರು. ಅಂದಿನಿಂದ ಎರಡು ತಿಂಗಳಾಯಿತು, ಹೋಗಿಲ್ಲ. ನಮ್ಮ ಪೀರ್ ನನ್ನ ಮಾತ್ರೆ ತಂದುಕೊಡಬಹುದೇ? (ಕಲಬುರಗಿ ಜಿಲ್ಲೆ)

ಉತ್ತರ: ನಿಮಗಾದ ಅವಮಾನಕ್ಕೆ ದೂರು ಕೊಡಲು ದಾರಿಯಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ದೂರಿಗಿಂತ ಮೊದಲು ಮಾತ್ರೆ. ಎರಡು ತಿಂಗಳು ಬಿಟ್ಟರೆ ವೈರಸ್ಸು ರಕ್ತದಲ್ಲಿ ಮತ್ತೆ ಹೆಚ್ಚಾಗಿರುವುದೇ ಬಹುಮಟ್ಟಿಗೆ ಖಚಿತ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬ ಮಾತು ನಿಜ, ಆದರೆ ಆ ರಕ್ಷಣೆ ಮಾತ್ರೆ ನಡೆಯುತ್ತಿರುವವರಿಗೆ ಮಾತ್ರ. ಹೊಸ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಂಡೋಮ್ ಬಿಡಬೇಡಿ. ಇನ್ನೊಬ್ಬರ ಡಬ್ಬಿಯಿಂದ ಮಾತ್ರೆ ಸಾಲ ತೆಗೆದುಕೊಳ್ಳುವುದೂ ಬೇಡ. ಅದರಿಂದ ಇಬ್ಬರ ಚಿಕಿತ್ಸೆಯೂ ಕೆಡುತ್ತದೆ.

ಪೀರ್ ತಂದುಕೊಡಬಹುದೇ ಎಂದು ಕೇಳಿದ್ದೀರಿ. ಆರೋಗ್ಯ ಸ್ಥಿರವಾಗಿರುವವರಿಗೆ ಒಮ್ಮೆಗೆ ಮೂರು ತಿಂಗಳ ಮಾತ್ರೆ ಕೊಡುವುದೂ, ಬರಲಾಗದವರ ಪರವಾಗಿ ನಂಬಿಕಸ್ಥರು ಒಯ್ಯುವುದೂ ವ್ಯವಸ್ಥೆಯಲ್ಲಿದೆ. ಆದರೆ ನಡುವೆ ಬಿಟ್ಟವರನ್ನು ವೈದ್ಯರು ಒಮ್ಮೆ ಖುದ್ದಾಗಿ ನೋಡಲೇಬೇಕು, ಏಕೆಂದರೆ ಈ ಅವಧಿಯಲ್ಲಿ ಕ್ಷಯ ಮೊದಲಾದವು ಹೊಕ್ಕಿವೆಯೇ ಎಂದು ಪರೀಕ್ಷಿಸದೆ ಮಾತ್ರೆ ಮುಂದುವರಿಸುವುದು ಸರಿಯಲ್ಲ. ಆದ್ದರಿಂದ ಮೊದಲ ಸಲ ಪೀರ್ ಜೊತೆಯಲ್ಲಿ ಹೋಗಿ. ಜನ ಕಡಿಮೆ ಇರುವ ಹೊತ್ತನ್ನು ಆಪ್ತಸಮಾಲೋಚಕರಿಂದ ಫೋನಿನಲ್ಲಿ ಮೊದಲೇ ಕೇಳಿಕೊಳ್ಳಿ, ದಾಖಲೆಯಲ್ಲಿ ನೀವು ಬಳಸುವ ಹೆಸರನ್ನು ಬರೆಸಿ, ಕರೆಯುವಾಗ ಹೆಸರಿನ ಬದಲು ನೋಂದಣಿ ಸಂಖ್ಯೆಯಿಂದ ಕರೆಯುವಂತೆ ಕೇಳಿಕೊಳ್ಳಿ. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಈಗ ಕೊಡುವ ಡೊಲುಟೆಗ್ರಾವಿರ್ ಇರುವ ಮಾತ್ರೆಯ ಜೊತೆ ಸಾಮಾನ್ಯವಾಗಿ ಅದರಿಂದ ತೊಡಕಾಗುವುದಿಲ್ಲ, ಹಾರ್ಮೋನಿಗಾಗಿ ಎಆರ್‌ಟಿಯನ್ನು ಬಿಡುವ ಕಾರಣವಂತೂ ಇಲ್ಲವೇ ಇಲ್ಲ.

ಈಗ ದೂರಿನ ವಿಷಯ. ಅದೇ 2017ರ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಆರೋಗ್ಯ ಸಂಸ್ಥೆಯಲ್ಲಿ ಈ ಕಾಯ್ದೆಯಡಿ ದೂರು ಸ್ವೀಕರಿಸುವ ಅಧಿಕಾರಿ ಇರಬೇಕು, ರಾಜ್ಯ ಮಟ್ಟದಲ್ಲಿ ದೂರುಗಳನ್ನು ವಿಚಾರಿಸುವ ಒಂಬುಡ್ಸ್‌ಮನ್ ಇರಬೇಕು. ಒಬ್ಬರೇ ಬರೆಯುವುದಕ್ಕಿಂತ ಸಂಘದ ಮೂಲಕ ಬರೆಯುವುದು ಒಳ್ಳೆಯದು, ಏಕೆಂದರೆ ಅದೇ ಸಾಲಿನಲ್ಲಿ ಅದೇ ನಗುವನ್ನು ಕೇಳಿ ಮನೆಗೆ ಮರಳಿದವರು ನೀವೊಬ್ಬರೇ ಆಗಿರಲಾರಿರಿ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದದ್ದನ್ನು ಆ ಅರ್ಜಿಯಲ್ಲಿ ಕಾಣಿಸಿ. ಇಂತಹ ದೂರುಗಳ ಫಲವಾಗಿ ಸಿಬ್ಬಂದಿಗೆ ತರಬೇತಿ ಕೊಡಿಸಿ, ಸಮುದಾಯದವರನ್ನೇ ಎಆರ್‌ಟಿ ಕೇಂದ್ರದ ಬಾಗಿಲಲ್ಲಿ ನೆರವಿಗೆ ಕೂರಿಸಿದರೆ ಎಷ್ಟೋ ಜನ ಮಾತ್ರೆ ಬಿಡುವುದು ತಪ್ಪುತ್ತದೆ. ಹೊಸ ಯಂತ್ರಕ್ಕೆ ಹಣ ಸಿಗುವಷ್ಟು ಸುಲಭವಾಗಿ ಇದಕ್ಕೆ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಊರಿನಲ್ಲಿ ಎಚ್‌ಐವಿ ಇರುವವರ ಪಟ್ಟಿ ಕೊಟ್ಟರೆ ಅವರಿಗೆ ಮನೆ ಮಂಜೂರು ಮಾಡಿಸುತ್ತೇನೆ ಎಂದು ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು ಕೇಳುತ್ತಿದ್ದಾರೆ. ಒಳ್ಳೆಯ ಉದ್ದೇಶವಿದೆ ಎಂದು ಕಾಣುತ್ತದೆ. ಕೊಡಬಹುದೇ? (ಬೀದರ್ ಜಿಲ್ಲೆ)

ಉತ್ತರ: ಕೊಡಬಾರದು. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಅವರ ಸೋಂಕಿನ ವಿಷಯವನ್ನು ಹೊರಗೆಡಹುವುದು ಕಾಯ್ದೆಗೆ ವಿರುದ್ಧ, ಅದಕ್ಕೆ ದಂಡವಿದೆ. ಗಂಡನಿಗೆ ಅಥವಾ ಹೆಂಡತಿಗೆ ತಿಳಿಸುವ ವಿಷಯದಲ್ಲಿಯೂ ವೈದ್ಯರು ಮತ್ತು ಆಪ್ತಸಮಾಲೋಚಕರಿಗೆ ಮಾತ್ರ, ಅದೂ ಸೋಂಕಿತ ವ್ಯಕ್ತಿಗೆ ಮೊದಲು ತಿಳಿಹೇಳಿ ಮುನ್ಸೂಚನೆ ಕೊಟ್ಟ ಬಳಿಕವೇ, ಕಾಯ್ದೆ ಅವಕಾಶ ಕೊಟ್ಟಿದೆ. ತಿಳಿಸಿದರೆ ಹೆಣ್ಣುಮಗಳ ಮೇಲೆ ಹಿಂಸೆ ನಡೆಯುವ ಸಂಭವವಿದ್ದರೆ ಆಕೆಯ ಸಂಗಾತಿಗೆ ತಿಳಿಸಲೇಕೂಡದು. ಹೀಗಿರುವಾಗ ಊರಿನ ಪಟ್ಟಿಯ ಮಾತೆಲ್ಲಿಂದ ಬಂತು? ಸದಸ್ಯರಿಗೆ ನಿಜಕ್ಕೂ ನೆರವಾಗುವ ಮನಸ್ಸಿದ್ದರೆ, ವಿಧವೆಯರಿಗೆ, ದೀರ್ಘ ಕಾಯಿಲೆಯವರಿಗೆ, ಅತಿ ಬಡವರಿಗೆ ಎಂದು ಅರ್ಜಿ ಕರೆಯಲಿ. ನಿಮಗೆ ಗೊತ್ತಿರುವವರಿಗೆ ನೀವು ಒಬ್ಬೊಬ್ಬರಿಗೇ ಹೇಳಿ ಅರ್ಜಿ ಹಾಕಿಸಿ. ಕಾರಣ ಕೇಳುವ ಅಂಕಣದಲ್ಲಿ ಬಡತನ ಎಂದು ಬರೆದರೆ ಸಾಕು, ಅದು ಸುಳ್ಳೂ ಅಲ್ಲ.

ಪ್ರಶ್ನೆ: ನಿನ್ನೆ ರಾತ್ರಿ ಕಾಂಡೋಮ್ ಹರಿದುಹೋಯಿತು. ಬಹಳ ಹೆದರಿದ್ದೇನೆ. ಎಷ್ಟು ದಿನಕ್ಕೆ ಪರೀಕ್ಷೆ ಮಾಡಿಸಬೇಕು? (ಆಳಂದ ತಾಲ್ಲೂಕು)

ಉತ್ತರ: ಇಂಥ ಪ್ರಶ್ನೆಯನ್ನು ಪತ್ರಿಕೆಗೆ ಬರೆಯಬಾರದು, ತಮ್ಮಾ; ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ಮಾಡಬಹುದಾಗಿದ್ದ ಮುಖ್ಯ ಕೆಲಸದ ಅವಧಿ ಮುಗಿದಿರುತ್ತದೆ. ಸೋಂಕು ತಗಲಿರಬಹುದಾದ ಘಟನೆ ನಡೆದ 72 ಗಂಟೆಗಳ ಒಳಗೆ, ಎಷ್ಟು ಬೇಗನಾದರೆ ಅಷ್ಟು ಒಳ್ಳೆಯದು, ವೈದ್ಯರ ಸಲಹೆಯಂತೆ 28 ದಿನಗಳ ಮಾತ್ರೆ ಆರಂಭಿಸಿದರೆ ಸೋಂಕನ್ನು ತಡೆಯಬಹುದು. ಅದಕ್ಕೆ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ಅಥವಾ ತುರ್ತು ವಿಭಾಗಕ್ಕೆ ನೇರವಾಗಿ ಹೋಗಬೇಕು. ಮುಂದೆ ಯಾರಿಗಾದರೂ ಹೀಗಾದರೆ ಪತ್ರಕ್ಕೆ ಬದಲು 1097ಕ್ಕೆ ಕರೆ ಮಾಡಿ. ಅದು ಉಚಿತ ಸಹಾಯವಾಣಿ. ನಿಮ್ಮ ಮಟ್ಟಿಗೆ, ಈಗ ಒಮ್ಮೆ ಐಸಿಟಿಸಿಯಲ್ಲಿ ಪರೀಕ್ಷೆ ಮಾಡಿಸಿ, ಘಟನೆ ನಡೆದು ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ. ಎರಡನೆಯದು ನೆಗೆಟಿವ್ ಬಂದರೆ ಈ ಘಟನೆಯ ಚಿಂತೆಯನ್ನು ಅಲ್ಲಿಗೆ ಬಿಡಬಹುದು. ಅಲ್ಲಿಯವರೆಗೆ ರಕ್ತದಾನ ಮಾಡಬೇಡಿ.

ಪ್ರಶ್ನೆ: ರಂಜಾನ್ ತಿಂಗಳಿನಲ್ಲಿ ರೋಜಾ ಇರುವಾಗ ಎಆರ್‌ಟಿ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು? ಮನೆಯಲ್ಲಿ ನನ್ನ ವಿಷಯ ಯಾರಿಗೂ ಗೊತ್ತಿಲ್ಲ, ಆದ್ದರಿಂದ ರೋಜಾ ಬಿಡುವುದಕ್ಕೂ ಕಷ್ಟ. (ಹುಮನಾಬಾದ್)

ಉತ್ತರ: ದಿನಕ್ಕೆ ಒಂದೇ ಮಾತ್ರೆಯ ಚಿಕಿತ್ಸೆಯಲ್ಲಿದ್ದು ಆರೋಗ್ಯ ಸರಿಯಾಗಿದ್ದರೆ ರೋಜಾ ಬಿಡಬೇಕಾಗಿಲ್ಲ, ಮಾತ್ರೆಯನ್ನೂ ಬಿಡಬೇಕಾಗಿಲ್ಲ. ಇಫ್ತಾರ್ ಆದ ಬಳಿಕ ರಾತ್ರಿ ಮಲಗುವ ಹೊತ್ತನ್ನು ಗೊತ್ತು ಮಾಡಿಕೊಂಡು, ಇಡೀ ತಿಂಗಳು ಅದೇ ಹೊತ್ತಿಗೆ ತೆಗೆದುಕೊಳ್ಳಿ. ಈ ಮಾತ್ರೆಗೆ ಊಟದ ಮೊದಲೋ ನಂತರವೋ ಎಂಬ ಕಟ್ಟಿಲ್ಲ. ಖಾಲಿ ಹೊಟ್ಟೆಯ ಉರಿಗೆ ಅಂಗಡಿಯಿಂದ ತರುವ ಆ್ಯಂಟಾಸಿಡ್, ಹಾಗೆಯೇ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹಿಡಿಯುವುದನ್ನು ತಡೆಯುತ್ತವೆ, ಆದ್ದರಿಂದ ಎಆರ್‌ಟಿ ನುಂಗಿ ಎರಡು ಗಂಟೆಯಾದರೂ ಕಳೆದ ಮೇಲೆ ಅವನ್ನು ತೆಗೆದುಕೊಳ್ಳಬೇಕು. ಕ್ಷಯದ ಚಿಕಿತ್ಸೆಯೂ ನಡೆಯುತ್ತಿದ್ದರೆ ಮಾತ್ರ ಲೆಕ್ಕ ಬೇರೆ: ಕ್ಷಯದ ಔಷಧಿಯಾದ ರಿಫಾಂಪಿಸಿನ್ ಜೊತೆಯಲ್ಲಿ ಡೊಲುಟೆಗ್ರಾವಿರನ್ನು ದಿನಕ್ಕೆ ಎರಡು ಸಲ ಕೊಡುತ್ತಾರೆ. ಅದನ್ನು ಸಹ್ರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಬಹುದೇ, ಮೈಯಲ್ಲಿ ಉಪವಾಸ ತಾಳುವಷ್ಟು ಶಕ್ತಿ ಇದೆಯೇ ಎಂಬುದನ್ನು ರಂಜಾನ್ ಆರಂಭವಾಗುವ ಮೊದಲೇ ನಿಮ್ಮ ಎಆರ್‌ಟಿ ಕೇಂದ್ರದ ವೈದ್ಯರಲ್ಲಿ ಕೇಳಿ, ಮಾತ್ರೆಗಳನ್ನೂ ಹಬ್ಬ ಮುಗಿಯುವವರೆಗೆ ಸಾಲುವಷ್ಟು ಪಡೆದುಕೊಂಡು ಬನ್ನಿ.